ಎರಡು ದ್ವೀಪ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಅವಧಿಯನ್ನು ಲೆಕ್ಕ ಹಾಕುವ ಬಗೆ

ಭಾರತದ ಭೂಪಟದಲ್ಲಿ ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ನಡುವೆ ಲಕ್ಷದ್ವೀಪದ ಅಗತ್ತಿ ಇದೆ. ಪೂರ್ವಕ್ಕೆ ಬಂಗಾಳ ಕೊಲ್ಲಿಯ ಆಚೆ ಅಂಡಮಾನಿನ ಪೋರ್ಟ್ ಬ್ಲೇರ್ ಇದೆ. ಪೋರ್ಟ್ ಬ್ಲೇರ್ ನಗರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದ್ದರೂ ಜನರ ಮಾತಿನಲ್ಲಿ ಹಳೆಯ ಹೆಸರೇ ಇನ್ನೂ ಓಡಾಡುತ್ತಿರುವುದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ. ಈ ಎರಡೂ ಊರುಗಳಲ್ಲಿ ವಿಮಾನ ನಿಲ್ದಾಣಗಳಿವೆ. ಇವುಗಳ ನಡುವಿನ ದೂರ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂತರ್ಜಾಲದಲ್ಲಿ ಕೇಳಿದರೆ ಕ್ಷಣದಲ್ಲಿ ಎರಡು ಅಂಕಿಗಳು ಎದುರಿಗೆ ಬರುತ್ತವೆ. ಅವುಗಳಲ್ಲಿ ದೂರದ ಅಂಕಿ ಹೆಚ್ಚುಕಡಿಮೆ ನಂಬಬಹುದಾದದ್ದು. ಅವಧಿಯ ಅಂಕಿಯನ್ನು ಮಾತ್ರ ಪರೀಕ್ಷಿಸದೆ ಒಪ್ಪಿಕೊಳ್ಳಬಾರದು. ದೂರವನ್ನು ಭೂಮಿಯ ಆಕಾರ ನಿರ್ಧರಿಸುತ್ತದೆ, ಅವಧಿಯನ್ನು ವಿಮಾನ ಮತ್ತು ಅದು ಇಳಿಯುವ ರನ್‌ವೇ ನಿರ್ಧರಿಸುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳು ಮತ್ತು ಪ್ರವಾಸಕ್ಕೆ ಹೊರಡುವ ಕುಟುಂಬಗಳು ಈ ಎರಡೂ ಲೆಕ್ಕಗಳನ್ನು ಒಂದು ಮೊಬೈಲ್ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ತಾವೇ ಮಾಡಿಕೊಳ್ಳಲು ಸಾಧ್ಯವಾಗಲಿ ಎಂಬ ಉದ್ದೇಶದಿಂದ ಈ ವಿಧಾನವನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಬೇಕಾದದ್ದು: ಸರಿಯಾದ ಅಕ್ಷಾಂಶ ಮತ್ತು ರೇಖಾಂಶ

ಯಾವ ವಿಮಾನ ನಿಲ್ದಾಣವಾದರೂ ಭೂಮಿಯ ಮೇಲೆ ಅದರ ಸ್ಥಾನವನ್ನು ಅಕ್ಷಾಂಶ ಮತ್ತು ರೇಖಾಂಶ ಎಂಬ ಎರಡು ಅಂಕಿಗಳು ಹೇಳುತ್ತವೆ. ಫೋನಿನ ನಕ್ಷೆಯಲ್ಲಿ ರನ್‌ವೇಯ ಮಧ್ಯಭಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಈ ಎರಡು ಅಂಕಿಗಳು ದಶಮಾಂಶ ರೂಪದಲ್ಲಿಯೇ ಸಿಗುತ್ತವೆ. ಅಗತ್ತಿಗೆ ಉತ್ತರ ಅಕ್ಷಾಂಶ 10.82, ಪೂರ್ವ ರೇಖಾಂಶ 72.18, ಪೋರ್ಟ್ ಬ್ಲೇರ್‌ಗೆ ಉತ್ತರ ಅಕ್ಷಾಂಶ 11.64, ಪೂರ್ವ ರೇಖಾಂಶ 92.73. ದಶಮಾಂಶದ ನಂತರ ಎರಡು ಸ್ಥಾನಗಳಿದ್ದರೆ ಸ್ಥಾನನಿರ್ಣಯದಲ್ಲಿ ಸುಮಾರು ಒಂದು ಕಿಲೋಮೀಟರಿನಷ್ಟು ವ್ಯತ್ಯಾಸ ಉಳಿಯುತ್ತದೆ. ಸಾವಿರಾರು ಕಿಲೋಮೀಟರ್‌ಗಳ ಲೆಕ್ಕಕ್ಕೆ ಇದು ಸಾಕು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ವೈಮಾನಿಕ ದಾಖಲೆಗಳಲ್ಲಿ ಸ್ಥಾನವನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಕೊಟ್ಟಿರುತ್ತಾರೆ. ಅಗತ್ತಿಯ ಅಕ್ಷಾಂಶ ಅಲ್ಲಿ 10 ಡಿಗ್ರಿ 49 ನಿಮಿಷ ಎಂದು ಕಾಣುತ್ತದೆ. ಅದನ್ನು 10.49 ಎಂದು ಬರೆದುಕೊಂಡರೆ ದ್ವೀಪವು ಇದ್ದ ಜಾಗದಿಂದ ಸುಮಾರು 37 ಕಿ.ಮೀ. ದಕ್ಷಿಣಕ್ಕೆ ಸರಿದು ಸಮುದ್ರದ ಪಾಲಾಗುತ್ತದೆ. ನಿಮಿಷವನ್ನು 60ರಿಂದ ಭಾಗಿಸಿಯೇ ದಶಮಾಂಶಕ್ಕೆ ತರಬೇಕು. 49ನ್ನು 60ರಿಂದ ಭಾಗಿಸಿದರೆ 0.82 ಬರುತ್ತದೆ. ಎರಡನೆಯ ಎಚ್ಚರಿಕೆ ನಮ್ಮ ಭಾಗದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಲೆಕ್ಕ ಹಾಕಿಕೊಡುವ ತಾಣಗಳು ಊರಿನ ಹೆಸರಿನ ಬದಲು ಮೂರು ಅಕ್ಷರಗಳ ಸಂಕೇತವನ್ನು ಕೇಳುತ್ತವೆ. ಪೋರ್ಟ್ ಬ್ಲೇರ್‌ನ ಸಂಕೇತ ಐ-ಎಕ್ಸ್-ಝಡ್, ಬೀದರಿನ ಸಂಕೇತ ಐ-ಎಕ್ಸ್-ಎಕ್ಸ್. ಕೀಲಿಮಣೆಯಲ್ಲಿ ಝಡ್ ಮತ್ತು ಎಕ್ಸ್ ಅಕ್ಕಪಕ್ಕದಲ್ಲಿಯೇ ಇವೆ. ಒಂದು ಅಕ್ಷರ ತಪ್ಪಿದರೆ ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಬರಬೇಕಾದ ದೂರದ ಜಾಗದಲ್ಲಿ ಅಗತ್ತಿಯಿಂದ ಬೀದರಿಗೆ ಇರುವ ಸುಮಾರು 974 ಕಿ.ಮೀ. ಬಂದು ಕೂರುತ್ತದೆ, ಮತ್ತು ಅದು ತಪ್ಪೆಂದು ತಾಣವು ಹೇಳುವುದಿಲ್ಲ. ಕಲಬುರಗಿಯ ಜಿ-ಬಿ-ಐ ಮತ್ತು ಅಗತ್ತಿಯ ಎ-ಜಿ-ಎಕ್ಸ್‌ಗೆ ಇಂಥ ತೊಂದರೆ ಇಲ್ಲ.

ಹತ್ತಿರದ ಎರಡು ನಿಲ್ದಾಣಗಳಿಂದ ಅಭ್ಯಾಸ

ದೊಡ್ಡ ಲೆಕ್ಕಕ್ಕೆ ಕೈಹಾಕುವ ಮುನ್ನ ಉತ್ತರವನ್ನು ತಾಳೆ ನೋಡಬಹುದಾದ ಸಣ್ಣ ಲೆಕ್ಕವೊಂದನ್ನು ಮಾಡುವುದು ಒಳ್ಳೆಯದು. ಕಲಬುರಗಿಯ ವಿಮಾನ ನಿಲ್ದಾಣವು ನಗರದ ಹೊರಗೆ ಶ್ರೀನಿವಾಸ ಸರಡಗಿಯ ಬಳಿ ಇದ್ದು, 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಅದರ ಸ್ಥಾನ 17.31 ಉತ್ತರ, 76.96 ಪೂರ್ವ. ಬೀದರಿನ ನಿಲ್ದಾಣವು ವಾಯುಪಡೆಯ ತರಬೇತಿ ನೆಲೆಯ ರನ್‌ವೇಯನ್ನೇ ಬಳಸುತ್ತದೆ. ಅದರ ಸ್ಥಾನ 17.91 ಉತ್ತರ, 77.49 ಪೂರ್ವ.

ಅಕ್ಷಾಂಶಗಳ ವ್ಯತ್ಯಾಸ 0.60 ಡಿಗ್ರಿ. ಉತ್ತರ-ದಕ್ಷಿಣ ದಿಕ್ಕಿನಲ್ಲಿ ಒಂದು ಡಿಗ್ರಿಗೆ ಎಲ್ಲೆಡೆಯೂ ಸುಮಾರು 111.2 ಕಿ.ಮೀ. ಆಗುವುದರಿಂದ ಇದು 66.7 ಕಿ.ಮೀ. ಆಯಿತು. ರೇಖಾಂಶಗಳ ವ್ಯತ್ಯಾಸ 0.53 ಡಿಗ್ರಿ. ಆದರೆ ರೇಖಾಂಶಗಳು ಧ್ರುವಗಳ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ಈ ವ್ಯತ್ಯಾಸವನ್ನು ಎರಡು ಊರುಗಳ ಸರಾಸರಿ ಅಕ್ಷಾಂಶವಾದ 17.61ರ ಕೊಸೈನ್‌ನಿಂದ, ಎಂದರೆ 0.953ರಿಂದ ಗುಣಿಸಿ, ಬಂದದ್ದನ್ನು ಮತ್ತೆ 111.2ರಿಂದ ಗುಣಿಸಬೇಕು. ಅದು 56.2 ಕಿ.ಮೀ. ಆಗುತ್ತದೆ. ಈಗ ಲಂಬಕೋನ ತ್ರಿಭುಜದ ಎರಡು ಬಾಹುಗಳು ಸಿಕ್ಕಂತಾಯಿತು. ಪೈಥಾಗೊರಸ್ ಪ್ರಮೇಯದಂತೆ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 87 ಕಿ.ಮೀ. ಬರುತ್ತದೆ. ಹುಮನಾಬಾದ್ ಮೂಲಕ ಹೋಗುವ ಬೀದರ್-ಕಲಬುರಗಿ ರೈಲುಮಾರ್ಗ ಸುಮಾರು 110 ಕಿ.ಮೀ. ಉದ್ದವಿದೆ. ನೆಲದ ಮೇಲಿನ ಹಾದಿ ನೇರ ದೂರಕ್ಕಿಂತ ಕಾಲುಭಾಗದಷ್ಟು ಹೆಚ್ಚಿರುವುದು ಸಹಜವಾದದ್ದರಿಂದ ಲೆಕ್ಕ ಸರಿಯಾದ ಜಾಡಿನಲ್ಲಿದೆ ಎಂದು ತಿಳಿಯಬಹುದು. ನೆಲದ ದಾರಿಗಿಂತ ನೇರ ದೂರವೇ ಹೆಚ್ಚು ಬಂದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ದೊಡ್ಡ ದೂರಕ್ಕೆ ಮಹಾವೃತ್ತದ ಸೂತ್ರ

ಭೂಮಿ ಗುಂಡಗಿರುವುದರಿಂದ ದೂರ ಹೆಚ್ಚಾದಂತೆ ಮೇಲಿನ ತ್ರಿಭುಜದ ಲೆಕ್ಕ ನಿಧಾನವಾಗಿ ತಪ್ಪತೊಡಗುತ್ತದೆ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ಹಾದಿಯು ಗೋಳವನ್ನು ಸರಿಯಾಗಿ ಎರಡು ಅರ್ಧಗಳಾಗಿ ಸೀಳುವ ವೃತ್ತದ ಒಂದು ತುಂಡಾಗಿರುತ್ತದೆ. ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಎರಡು ನಿಲ್ದಾಣಗಳ ನಡುವೆ ಭೂಮಿಯ ಕೇಂದ್ರದಲ್ಲಿ ಉಂಟಾಗುವ ಕೋನವನ್ನು ಕಂಡುಹಿಡಿದರೆ ದೂರ ಸಿಕ್ಕಿದಂತೆಯೇ. ಆ ಕೋನದ ಸೂತ್ರ ಹೀಗಿದೆ:

ಕೋನದ ಕೊಸೈನ್ = (ಮೊದಲ ಅಕ್ಷಾಂಶದ ಸೈನ್ × ಎರಡನೆಯ ಅಕ್ಷಾಂಶದ ಸೈನ್) + (ಮೊದಲ ಅಕ್ಷಾಂಶದ ಕೊಸೈನ್ × ಎರಡನೆಯ ಅಕ್ಷಾಂಶದ ಕೊಸೈನ್ × ರೇಖಾಂಶ ವ್ಯತ್ಯಾಸದ ಕೊಸೈನ್)

ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಬಹುತೇಕ ಫೋನುಗಳಲ್ಲಿ ಸೈನ್, ಕೊಸೈನ್ ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಲೆಕ್ಕ ಆರಂಭಿಸುವ ಮೊದಲು 30ರ ಸೈನ್ ಎಷ್ಟು ಎಂದು ಒತ್ತಿ ನೋಡಬೇಕು. 0.5 ಎಂದು ಬಂದರೆ ಯಂತ್ರ ಡಿಗ್ರಿಯಲ್ಲಿದೆ. ಋಣ 0.988 ಎಂದು ಬಂದರೆ ಅದು ರೇಡಿಯನ್‌ನಲ್ಲಿದೆ; ಡಿಗ್ರಿಗೆ ಬದಲಾಯಿಸಿಕೊಳ್ಳದೆ ಮುಂದೆ ಹೋದರೆ ಬರುವ ಉತ್ತರಕ್ಕೆ ಯಾವ ಅರ್ಥವೂ ಇರುವುದಿಲ್ಲ. ವಿದ್ಯಾರ್ಥಿಗಳ ಲೆಕ್ಕ ಎಡವಟ್ಟಾಗುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ಈಗ ಅಂಕಿಗಳನ್ನು ತುಂಬೋಣ. 10.82ರ ಸೈನ್ 0.18772, 11.64ರ ಸೈನ್ 0.20176, ಇವೆರಡರ ಗುಣಲಬ್ಧ 0.03788. ಇವೇ ಅಕ್ಷಾಂಶಗಳ ಕೊಸೈನ್‌ಗಳು 0.98222 ಮತ್ತು 0.97943, ಇವುಗಳ ಗುಣಲಬ್ಧ 0.96202. ರೇಖಾಂಶಗಳ ವ್ಯತ್ಯಾಸ 92.73ರಿಂದ 72.18ನ್ನು ಕಳೆದರೆ 20.55, ಅದರ ಕೊಸೈನ್ 0.93637. ಹಿಂದಿನ ಗುಣಲಬ್ಧವನ್ನು ಇದರಿಂದ ಗುಣಿಸಿದರೆ 0.90080 ಬರುತ್ತದೆ. ಎರಡು ಭಾಗಗಳನ್ನು ಕೂಡಿಸಿದರೆ 0.93868. ಯಾವ ಕೋನದ ಕೊಸೈನ್ ಇಷ್ಟಿದೆ ಎಂಬುದನ್ನು ವಿಲೋಮ ಕೊಸೈನ್ ಗುಂಡಿಯಿಂದ ಕೇಳಿದರೆ 20.17 ಡಿಗ್ರಿ ಎಂಬ ಉತ್ತರ ಸಿಗುತ್ತದೆ. ಇದನ್ನು 111.195ರಿಂದ ಗುಣಿಸಿದರೆ ಅಗತ್ತಿ ಮತ್ತು ಪೋರ್ಟ್ ಬ್ಲೇರ್ ನಡುವಿನ ದೂರ 2,243 ಕಿ.ಮೀ. ಎಂದು ತಿಳಿಯುತ್ತದೆ. 111.195 ಎಂಬುದು ಎಲ್ಲಿಂದ ಬಂತು ಎಂದರೆ, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಅದರ ಸುತ್ತಳತೆಯನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸಿಗುವ ದೂರವದು.

ವಿಮಾನ ಚಾಲಕರು ಕಿಲೋಮೀಟರಿನಲ್ಲಿ ಮಾತನಾಡುವುದಿಲ್ಲ, ನಾಟಿಕಲ್ ಮೈಲಿನಲ್ಲಿ ಮಾತನಾಡುತ್ತಾರೆ. ಒಂದು ನಾಟಿಕಲ್ ಮೈಲು 1.852 ಕಿ.ಮೀ. ಈ ಅಳತೆ ಹುಟ್ಟಿದ್ದೇ ಭೂಮಿಯ ಒಂದು ನಿಮಿಷದ ಕೋನದಿಂದ. ಹೀಗಾಗಿ ಡಿಗ್ರಿಯಲ್ಲಿ ಬಂದ ಉತ್ತರವನ್ನು ನೇರವಾಗಿ 60ರಿಂದ ಗುಣಿಸಿದರೆ ಸಾಕು, ಸುಮಾರು 1,210 ನಾಟಿಕಲ್ ಮೈಲು ಎಂದು ತಿಳಿಯುತ್ತದೆ. ಈ ಸರಳತೆ ನನಗೆ ಬಹಳ ಇಷ್ಟವಾದದ್ದು, ಗಣಿತದ ಮೇಷ್ಟ್ರುಗಳು ತರಗತಿಯಲ್ಲಿ ಇದನ್ನು ಒಮ್ಮೆಯಾದರೂ ತೋರಿಸಬೇಕು.

ಸೂತ್ರದ ಹಂಗಿಲ್ಲದೆ ಮಕ್ಕಳಿಗೆ ಇದನ್ನು ತೋರಿಸಲು ಶಾಲೆಯ ಗ್ಲೋಬ್ ಮತ್ತು ಒಂದು ಹೊಲಿಗೆ ದಾರ ಸಾಕು. ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಅದರ ಸುತ್ತಳತೆ 94 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು; ಎಂದರೆ ಗ್ಲೋಬಿನ ಮೇಲಿನ ಒಂದು ಸೆಂ.ಮೀ. ಭೂಮಿಯ ಮೇಲೆ ಸುಮಾರು 425 ಕಿ.ಮೀ.ಗೆ ಸಮ. ಅಗತ್ತಿಯಂಥ ಚಿಕ್ಕ ದ್ವೀಪದ ಹೆಸರು ಗ್ಲೋಬಿನ ಮೇಲೆ ಇರುವುದಿಲ್ಲವಾದ್ದರಿಂದ ಅಕ್ಷಾಂಶ, ರೇಖಾಂಶಗಳನ್ನು ನೋಡಿಕೊಂಡು ಪೆನ್ಸಿಲಿನಿಂದ ಚುಕ್ಕೆ ಇಡಬೇಕು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಮಹಾವೃತ್ತದ ಹಾದಿಯನ್ನು ಹಿಡಿಯುತ್ತದೆ. ಆ ದಾರವನ್ನು ಅಳತೆಪಟ್ಟಿಯ ಮೇಲಿಟ್ಟರೆ 5.3 ಸೆಂ.ಮೀ. ಬರಬೇಕು. ಒಂದು ಮಿಲಿಮೀಟರಿನ ತಪ್ಪಿಗೆ 42 ಕಿ.ಮೀ. ವ್ಯತ್ಯಾಸವಾಗುತ್ತದೆ, ಆದರೂ ಕಣ್ಣೆದುರಿನ ಈ ಅಳತೆಗೆ ಅದರದೇ ಆದ ಬೆಲೆ ಇದೆ.

ಭೂಮಿ ಪೂರ್ಣ ಗೋಳವಲ್ಲ. ಸಮಭಾಜಕದ ಬಳಿ ಅದರ ತ್ರಿಜ್ಯ ಸುಮಾರು 6,378 ಕಿ.ಮೀ. ಇದ್ದರೆ ಧ್ರುವಗಳ ಕಡೆ ಸುಮಾರು 6,357 ಕಿ.ಮೀ. ಇದೆ. ಆದ್ದರಿಂದ ನಮ್ಮ ಉತ್ತರಕ್ಕೂ ಉಪಗ್ರಹ ಆಧಾರಿತ ನಿಖರ ಲೆಕ್ಕಕ್ಕೂ ಅರ್ಧ ಪ್ರತಿಶತದೊಳಗಿನ ವ್ಯತ್ಯಾಸ ಬರಬಹುದು. ಬೇರೆ ಬೇರೆ ತಾಣಗಳು ನಾಲ್ಕೈದು ಕಿಲೋಮೀಟರ್ ಹಿಂದೆ ಮುಂದೆ ಹೇಳುವುದಕ್ಕೆ ಕಾರಣ ಇದೇ. ಅದನ್ನು ತಪ್ಪೆಂದು ಎಣಿಸಬೇಕಾಗಿಲ್ಲ.

ಕುತೂಹಲಕ್ಕಾಗಿ ಅಗತ್ತಿ-ಪೋರ್ಟ್ ಬ್ಲೇರ್ ದೂರವನ್ನು ತ್ರಿಭುಜದ ವಿಧಾನದಲ್ಲಿಯೂ ಮಾಡಿ ನೋಡಿದರೆ 2,243 ಕಿ.ಮೀ. ಎಂದೇ ಬರುತ್ತದೆ, ಏಕೆಂದರೆ ಎರಡೂ ದ್ವೀಪಗಳು ಸಮಭಾಜಕಕ್ಕೆ ಹತ್ತಿರವಿದ್ದು ಹಾದಿ ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿದೆ. ಎಲ್ಲ ಕಡೆಯೂ ಹೀಗೆಯೇ ಆಗುತ್ತದೆ ಎಂದು ನಂಬಬಾರದು. ಹವಾಯಿ ದ್ವೀಪಗಳ ಹೊನೊಲುಲುವಿನಿಂದ ಜಪಾನಿನ ಟೋಕಿಯೊದ ಹನೇಡಾ ನಿಲ್ದಾಣಕ್ಕೆ ಮಹಾವೃತ್ತದ ದೂರ ಸುಮಾರು 6,200 ಕಿ.ಮೀ.; ತ್ರಿಭುಜದ ವಿಧಾನ ಅದಕ್ಕೆ ನೂರು ಕಿಲೋಮೀಟರಿನಷ್ಟು ಹೆಚ್ಚು ತೋರಿಸುತ್ತದೆ. ಅಲ್ಲಿ ಇನ್ನೊಂದು ತೊಡಕೂ ಇದೆ. ಹೊನೊಲುಲು ಪಶ್ಚಿಮ ರೇಖಾಂಶ 157.92ರಲ್ಲಿಯೂ ಹನೇಡಾ ಪೂರ್ವ ರೇಖಾಂಶ 139.78ರಲ್ಲಿಯೂ ಇರುವುದರಿಂದ, ಪಶ್ಚಿಮವನ್ನು ಋಣ ಚಿಹ್ನೆಯಿಂದ ಬರೆದು ಕಳೆದರೆ ವ್ಯತ್ಯಾಸ 297.70 ಡಿಗ್ರಿ ಎಂದು ಬರುತ್ತದೆ. ಹೀಗೆ 180ಕ್ಕಿಂತ ಹೆಚ್ಚು ಬಂದಾಗ ಅದನ್ನು 360ರಿಂದ ಕಳೆದು 62.30 ಎಂದು ತೆಗೆದುಕೊಳ್ಳಬೇಕು. ಮಹಾವೃತ್ತದ ಸೂತ್ರದಲ್ಲಿ ಎರಡರ ಕೊಸೈನ್ ಒಂದೇ ಆದ್ದರಿಂದ ಅಲ್ಲಿ ತಪ್ಪು ನುಸುಳುವುದಿಲ್ಲ. ತ್ರಿಭುಜದ ವಿಧಾನದಲ್ಲಿ ಮಾತ್ರ ವಿಮಾನವು ಪ್ರಪಂಚವನ್ನೇ ಉಲ್ಟಾ ಸುತ್ತಿ ಬಂದಂಥ ಉತ್ತರ ಸಿಗುತ್ತದೆ.

ದೂರದಿಂದ ಅವಧಿಗೆ

ದೂರ ತಿಳಿದ ಮೇಲೆ ಅವಧಿಯನ್ನು ಅಂದಾಜು ಮಾಡಲು ಬಳಕೆಯಲ್ಲಿರುವ ಸರಳ ಸೂತ್ರವೆಂದರೆ, ಜೆಟ್ ವಿಮಾನಕ್ಕೆ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಬಂದ ಅವಧಿಗೆ ಅರ್ಧ ಗಂಟೆ ಸೇರಿಸುವುದು. ಏರ್‌ಬಸ್ 320 ಬಗೆಯ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ, ಆದರೆ ಏರುವಾಗ ಮತ್ತು ಇಳಿಯುವಾಗ ಅದರ ವೇಗ ಕಡಿಮೆ ಇರುತ್ತದೆ, ನಿಲ್ದಾಣದಲ್ಲಿ ತನ್ನ ನಿಲುಗಡೆಯಿಂದ ರನ್‌ವೇಗೆ ಉರುಳಿಕೊಂಡು ಹೋಗಲು ಸಮಯ ಬೇಕಾಗುತ್ತದೆ, ಇಳಿಯುವ ಕಡೆ ಸರದಿಗಾಗಿ ಒಂದು ಸುತ್ತು ಹೊಡೆಯಬೇಕಾಗಿ ಬರಬಹುದು. ಇವೆಲ್ಲಕ್ಕೂ ಆ ಅರ್ಧ ಗಂಟೆ. ಟಿಕೆಟಿನ ಮೇಲೆ ಅಚ್ಚಾಗುವ ಅವಧಿಯೂ ಗಾಳಿಯಲ್ಲಿರುವ ಸಮಯವಷ್ಟೇ ಅಲ್ಲ, ಹೊರಡುವ ನಿಲುಗಡೆಯಿಂದ ಮುಟ್ಟುವ ನಿಲುಗಡೆಯವರೆಗಿನ ಪೂರ್ಣ ಸಮಯ.

ಈ ಸೂತ್ರದಂತೆ 2,243ನ್ನು 800ರಿಂದ ಭಾಗಿಸಿದರೆ 2 ಗಂಟೆ 48 ನಿಮಿಷ. ಅರ್ಧ ಗಂಟೆ ಸೇರಿಸಿದರೆ 3 ಗಂಟೆ 18 ನಿಮಿಷ. ಅಂತರ್ಜಾಲದ ತಾಣಗಳು ಕೊಡುವುದು ಇಂಥದೇ ಒಂದು ಉತ್ತರವನ್ನು. ಅಂಕಗಣಿತದಲ್ಲಿ ಯಾವ ದೋಷವೂ ಇಲ್ಲ, ಆದರೆ ಈ ಹಾರಾಟವನ್ನು ಮಾಡಬಲ್ಲ ಪ್ರಯಾಣಿಕ ವಿಮಾನ ಈ ಹಾದಿಯಲ್ಲಿಲ್ಲ.

ಕಾರಣ ಅಗತ್ತಿಯ ರನ್‌ವೇಯಲ್ಲಿದೆ. ದ್ವೀಪವೇ ಒಂದು ಕಿರಿದಾದ ಪಟ್ಟಿಯಂತಿದ್ದು, ಅದರ ದಕ್ಷಿಣ ತುದಿಯಲ್ಲಿ ಎರಡೂ ಬದಿಗೆ ನೀರನ್ನಿಟ್ಟುಕೊಂಡು ಸುಮಾರು 1,200 ಮೀಟರ್ ಉದ್ದದ ರನ್‌ವೇ ಇದೆ. ನಮ್ಮ ಕಲಬುರಗಿಯ ರನ್‌ವೇ 3,175 ಮೀಟರ್ ಉದ್ದವಿದೆ ಎಂಬುದನ್ನು ನೆನೆದರೆ ವ್ಯತ್ಯಾಸ ಅರ್ಥವಾಗುತ್ತದೆ. ತುಂಬಿದ ಏರ್‌ಬಸ್ 320 ಅಥವಾ ಬೋಯಿಂಗ್ 737 ಬಗೆಯ ಜೆಟ್‌ಗಳಿಗೆ 1,200 ಮೀಟರ್ ಸಾಲದು. ಅಲ್ಲಿಗೆ ಹೋಗುವುದು ಎಟಿಆರ್ ಎಂಬ, ಪಂಕಗಳಿರುವ ಚಿಕ್ಕ ವಿಮಾನ. ಅದರ ವೇಗ ಗಂಟೆಗೆ ಹೆಚ್ಚೆಂದರೆ ಸುಮಾರು 510 ಕಿ.ಮೀ. ಎಟಿಆರ್ ವಿಮಾನವೇ ಪೋರ್ಟ್ ಬ್ಲೇರ್‌ವರೆಗೆ ಹೋಗಬಾರದೇಕೆ ಎಂದು ಕೇಳಿದರೆ, ಪೂರ್ಣ ಪ್ರಯಾಣಿಕರನ್ನು ತುಂಬಿಕೊಂಡಾಗ ಅದು ಒಂದೇ ಹಾರಾಟದಲ್ಲಿ ಕ್ರಮಿಸಬಲ್ಲ ದೂರ 1,500 ಕಿ.ಮೀ.ಯ ಆಸುಪಾಸು. 2,243 ಕಿ.ಮೀ. ಅದರ ಅಳವಿಗೆ ಮೀರಿದ್ದು. ದ್ವೀಪಗಳಿಗೆ ಹಾರುವಾಗ ಇಂಧನದ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಇಳಿಯಬೇಕಾದ ನಿಲ್ದಾಣದಲ್ಲಿ ಮಳೆಯಿಂದಲೋ ಗಾಳಿಯಿಂದಲೋ ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು ಇಂಧನ ವಿಮಾನದಲ್ಲಿ ಇರಲೇಬೇಕು, ಮತ್ತು ದ್ವೀಪದ ಸುತ್ತ ಅಂಥ ಇನ್ನೊಂದು ನಿಲ್ದಾಣ ಬಹಳ ದೂರದಲ್ಲಿರುತ್ತದೆ.

ಹಾಗಾಗಿ ಯಾವುದೇ ಎರಡು ದ್ವೀಪಗಳ ನಡುವಿನ ಅವಧಿಯನ್ನು ಹೇಳುವ ಮುನ್ನ ಎರಡೂ ಕಡೆಯ ರನ್‌ವೇಗಳ ಉದ್ದವನ್ನು ನೋಡಬೇಕು. ಚಿಕ್ಕದಾದ ರನ್‌ವೇ ಯಾವ ವಿಮಾನವನ್ನು ಒಪ್ಪುತ್ತದೆಯೋ ಅದರ ವೇಗದಿಂದ ಭಾಗಿಸಬೇಕು. ದೂರವು ಆ ವಿಮಾನದ ಅಳವಿಗೆ ಮೀರಿದ್ದರೆ ನಡುವೆ ಎಲ್ಲಿ ಇಳಿಯಬೇಕೆಂದು ಹುಡುಕಬೇಕು. ಎಟಿಆರ್‌ಗೆ ನಾನು ಬಳಸುವ ಸೂತ್ರ, ದೂರವನ್ನು 480ರಿಂದ ಭಾಗಿಸಿ 20 ನಿಮಿಷ ಸೇರಿಸುವುದು.

ನಡುವೆ ಇಳಿದು ಹೋಗುವ ಹಾದಿ

ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಳೆದ ಗೆರೆ ದಕ್ಷಿಣ ಭಾರತದ ಮೇಲೆಯೇ ಹಾದುಹೋಗುವುದು ನಮ್ಮ ಅದೃಷ್ಟ. ಬೆಂಗಳೂರಿನಲ್ಲಿ ಇಳಿದು ಹತ್ತುವುದಾದರೆ ಅಗತ್ತಿಯಿಂದ ಬೆಂಗಳೂರಿಗೆ 657 ಕಿ.ಮೀ., ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ 1,640 ಕಿ.ಮೀ., ಒಟ್ಟು 2,297 ಕಿ.ಮೀ. ನೇರ ಗೆರೆಗಿಂತ ಇದು 54 ಕಿ.ಮೀ. ಮಾತ್ರ ಹೆಚ್ಚು. ಕೊಚ್ಚಿ ಮತ್ತು ಚೆನ್ನೈ ಮೂಲಕ ಹೋದರೆ 468, 518 ಮತ್ತು 1,373 ಸೇರಿ 2,359 ಕಿ.ಮೀ. ಆಗುತ್ತದೆ, ಅಲ್ಲಿಯೂ ಹೆಚ್ಚುವರಿ ದೂರ 116 ಕಿ.ಮೀ. ಅಷ್ಟೇ. ದೂರದ ದೃಷ್ಟಿಯಿಂದ ಎರಡೂ ಹಾದಿಗಳಲ್ಲಿ ಸುತ್ತು ಎನ್ನುವಂಥದ್ದೇನೂ ಇಲ್ಲ.

ಸಮಯದ ದೃಷ್ಟಿಯಿಂದ ಚಿತ್ರ ಬೇರೆಯೇ ಆಗುತ್ತದೆ. ಬೆಂಗಳೂರಿನ ಹಾದಿಯಲ್ಲಿ ಮೊದಲ ತುಂಡು ಎಟಿಆರ್ ವಿಮಾನದಲ್ಲಿ ಸುಮಾರು 1 ಗಂಟೆ 42 ನಿಮಿಷ, ಎರಡನೆಯ ತುಂಡು ಜೆಟ್ ವಿಮಾನದಲ್ಲಿ ಸುಮಾರು 2 ಗಂಟೆ 33 ನಿಮಿಷ, ಒಟ್ಟು 4 ಗಂಟೆ 15 ನಿಮಿಷ. ನಡುವೆ ಬೆಂಗಳೂರಿನಲ್ಲಿ ಸಾಮಾನು ಪಡೆದು, ಮತ್ತೆ ಒಪ್ಪಿಸಿ, ಭದ್ರತಾ ತಪಾಸಣೆ ಮುಗಿಸಲು ಎರಡರಿಂದ ಮೂರು ಗಂಟೆಗಳನ್ನು ಇಟ್ಟುಕೊಳ್ಳಲೇಬೇಕು. ಹಾಗೆ ನೋಡಿದರೆ ವಾಸ್ತವದ ಅವಧಿ ಆರೂಕಾಲಿನಿಂದ ಏಳೂಕಾಲು ಗಂಟೆ, ಎಂದರೆ ತಾಣವು ಹೇಳಿದ 3 ಗಂಟೆ 18 ನಿಮಿಷದ ಎರಡು ಪಟ್ಟು. ಕೊಚ್ಚಿ-ಚೆನ್ನೈ ಹಾದಿಯಲ್ಲಿ ಹಾರಾಟದ ಸಮಯವೇ ಸುಮಾರು 4 ಗಂಟೆ 40 ನಿಮಿಷ ಆಗುತ್ತದೆ, ಮೇಲಾಗಿ ಎರಡು ಕಡೆ ಕಾಯಬೇಕು. ಬೆಂಗಳೂರು-ಅಗತ್ತಿ ನಡುವೆ ಇಂಡಿಗೊ ಸಂಸ್ಥೆ 2024ರ ಮಾರ್ಚ್ 31ರಂದು ಎಟಿಆರ್ ಸೇವೆ ಆರಂಭಿಸಿತು. ಇಂಥ ಸೇವೆಗಳ ದಿನ ಮತ್ತು ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಟಿಕೆಟ್ ಮಾಡಿಸುವ ಮುನ್ನ ಆ ವಾರದ ವೇಳಾಪಟ್ಟಿಯನ್ನೇ ನೋಡಬೇಕು. ಎರಡು ಬೇರೆ ಬೇರೆ ಟಿಕೆಟ್‌ಗಳಾದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಹಣ ಹಿಂದಿರುಗುವುದು ಕಷ್ಟ. ಸಾಧ್ಯವಾದರೆ ಎರಡನ್ನೂ ಒಂದೇ ಟಿಕೆಟಿನಲ್ಲಿ ಮಾಡಿಸುವುದು ಉತ್ತಮ. ಆಗದಿದ್ದರೆ ನಡುವೆ ಒಂದು ರಾತ್ರಿ ತಂಗುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಗಾಳಿ ಮತ್ತು ಗಡಿಯಾರ

ವಿಮಾನದ ವೇಗವು ಸುತ್ತಲಿನ ಗಾಳಿಗೆ ಸಾಪೇಕ್ಷವಾದದ್ದು. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್‌ಗೆ 40 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ನೆಲದ ಮೇಲಿನ ಲೆಕ್ಕದಲ್ಲಿ ಅದು 460 ಕಿ.ಮೀ. ವೇಗದಲ್ಲಿ ಮಾತ್ರ ಸಾಗುತ್ತದೆ. ಬೆಂಗಳೂರು-ಅಗತ್ತಿ ನಡುವಿನ 657 ಕಿ.ಮೀ.ಗೆ ಆಗ 86 ನಿಮಿಷ ಬೇಕು; ಅದೇ ಗಾಳಿ ಹಿಂದಿನಿಂದ ಬೀಸಿದರೆ 73 ನಿಮಿಷ ಸಾಕು. ಮುಂಗಾರಿನ ತಿಂಗಳುಗಳಲ್ಲಿ ಎಟಿಆರ್ ಹಾರುವ ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಅಗತ್ತಿಗೆ ಹೋಗುವ ಹಾರಾಟ ಬರುವ ಹಾರಾಟಕ್ಕಿಂತ ಉದ್ದವಾಗಬಹುದು. ಹೊನೊಲುಲು ಮತ್ತು ಟೋಕಿಯೊ ನಡುವೆ ಇದರ ಪರಿಣಾಮ ಇನ್ನೂ ದೊಡ್ಡದು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಬಲವಾದ ಗಾಳಿಯ ಕಾರಣದಿಂದ ಟೋಕಿಯೊದಿಂದ ಹೊನೊಲುಲುವಿಗೆ ಸುಮಾರು 7 ಗಂಟೆ ಹಿಡಿದರೆ ಹಿಂದಿರುಗುವಾಗ ಎಂಟೂವರೆ ಗಂಟೆಯ ಮೇಲಾಗುತ್ತದೆ. ದೂರ ಒಂದೇ ಇದ್ದರೂ ಹೋಗುವ ಅವಧಿ ಮತ್ತು ಬರುವ ಅವಧಿಗಳನ್ನು ಬೇರೆ ಬೇರೆಯಾಗಿಯೇ ಬರೆದುಕೊಳ್ಳಬೇಕು.

ಗಡಿಯಾರದ ವಿಷಯದಲ್ಲಿ ಭಾರತದ ದ್ವೀಪಗಳಿಗೆ ತೊಡಕಿಲ್ಲ. ಅಗತ್ತಿಯಲ್ಲಿಯೂ ಪೋರ್ಟ್ ಬ್ಲೇರ್‌ನಲ್ಲಿಯೂ ಭಾರತೀಯ ಕಾಲಮಾನವೇ ನಡೆಯುವುದರಿಂದ ತಲುಪುವ ವೇಳೆಯಿಂದ ಹೊರಡುವ ವೇಳೆಯನ್ನು ಕಳೆದರೆ ಅವಧಿ ಸಿಗುತ್ತದೆ. ಆದರೆ ಸೂರ್ಯ ಈ ಒಂದೇ ಗಡಿಯಾರವನ್ನು ಪಾಲಿಸುವುದಿಲ್ಲ. ಪ್ರತಿ ಡಿಗ್ರಿ ರೇಖಾಂಶಕ್ಕೆ 4 ನಿಮಿಷದಂತೆ 20.55 ಡಿಗ್ರಿಗೆ ಸುಮಾರು 82 ನಿಮಿಷಗಳ ವ್ಯತ್ಯಾಸವಿದ್ದು, ಪೋರ್ಟ್ ಬ್ಲೇರ್‌ನಲ್ಲಿ ಅಷ್ಟು ಬೇಗ ಕತ್ತಲಾಗುತ್ತದೆ. ಸಂಜೆ ಅಲ್ಲಿ ಇಳಿದು ಏನನ್ನಾದರೂ ನೋಡಬೇಕೆಂದುಕೊಂಡವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಬೇರೆ ದೇಶಗಳ ದ್ವೀಪಗಳಲ್ಲಿ ಈ ಕಳೆಯುವ ಲೆಕ್ಕ ಪೂರ್ತಿ ದಾರಿ ತಪ್ಪಿಸಬಹುದು. ಶಾಂತ ಸಾಗರದ ಸಮೋವಾ ಮತ್ತು ಅಮೆರಿಕನ್ ಸಮೋವಾ ಇದಕ್ಕೆ ಒಳ್ಳೆಯ ಉದಾಹರಣೆ. ಸಮೋವಾದ ಫಲೆಯೊಲೊ ನಿಲ್ದಾಣದಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊ ನಿಲ್ದಾಣಕ್ಕೆ ಸುಮಾರು 150 ಕಿ.ಮೀ. ದೂರ, ಚಿಕ್ಕ ವಿಮಾನದಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟಬಹುದು. ಆದರೆ ಎರಡರ ನಡುವೆ ಅಂತಾರಾಷ್ಟ್ರೀಯ ದಿನಾಂಕ ರೇಖೆ ಹಾದುಹೋಗಿದೆ. ಸಮೋವಾ ದೇಶವು 2011ರಲ್ಲಿ ಡಿಸೆಂಬರ್ 30ನ್ನು ಬಿಟ್ಟು 29ರಿಂದ ನೇರವಾಗಿ 31ಕ್ಕೆ ಜಿಗಿದು ರೇಖೆಯ ಪಶ್ಚಿಮ ಮಗ್ಗುಲಿಗೆ ಬಂತು. ಈಗ ಎರಡರ ನಡುವೆ ಸರಿಯಾಗಿ 24 ಗಂಟೆಗಳ ಅಂತರವಿದೆ. ಸೋಮವಾರ ಬೆಳಿಗ್ಗೆ ಫಲೆಯೊಲೊದಿಂದ ಹೊರಟವರು ಪಾಗೊ ಪಾಗೊದಲ್ಲಿ ಭಾನುವಾರ ಬೆಳಿಗ್ಗೆ ಇಳಿಯುತ್ತಾರೆ. ಇಂಥ ಕಡೆಗಳಲ್ಲಿ ಎರಡೂ ವೇಳೆಗಳನ್ನು ಮೊದಲು ಗ್ರೀನ್‌ವಿಚ್ ಕಾಲಮಾನಕ್ಕೆ ತಂದು ಆಮೇಲೆ ಕಳೆಯಬೇಕು. ನಮ್ಮ ಕಾಲಮಾನವಾದರೆ ಅದರಿಂದ ಐದೂವರೆ ಗಂಟೆ ಕಳೆದರೆ ಗ್ರೀನ್‌ವಿಚ್ ವೇಳೆ ಸಿಗುತ್ತದೆ.

ತೀರ ಹತ್ತಿರದ ದ್ವೀಪಗಳು

ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಸಮೂಹದಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ ಲೋಗನ್‌ಏರ್ ಸಂಸ್ಥೆಯ ವಿಮಾನ ಹಾರುತ್ತದೆ. ದೂರ 2.7 ಕಿ.ಮೀ.; ವೇಳಾಪಟ್ಟಿಯಂತೆ ನಡೆಯುವ ಹಾರಾಟಗಳಲ್ಲಿ ಜಗತ್ತಿನಲ್ಲಿಯೇ ಅತಿ ಚಿಕ್ಕದು. ಅನುಕೂಲವಾದ ಗಾಳಿಯಲ್ಲಿ 53 ಸೆಕೆಂಡುಗಳಲ್ಲಿ ಮುಗಿದದ್ದೂ ಇದೆ. ಜೆಟ್‌ಗೆ ಹೇಳಿದ ಸೂತ್ರವನ್ನು ಇಲ್ಲಿ ಹಾಕಿದರೆ ಅರ್ಧ ಗಂಟೆ ಎಂಬ ಉತ್ತರ ಬರುತ್ತದೆ! ಇಷ್ಟು ಕಡಿಮೆ ದೂರಕ್ಕೆ ಮಹಾವೃತ್ತದ ಕೊಸೈನ್ ಸೂತ್ರವೂ ಒಳ್ಳೆಯದಲ್ಲ, ಏಕೆಂದರೆ ಕೊಸೈನ್ ಬೆಲೆ 1ಕ್ಕೆ ತೀರ ಹತ್ತಿರವಾಗಿ ಕ್ಯಾಲ್ಕುಲೇಟರ್ ಕೊನೆಯ ಅಂಕಿಗಳನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಕಲಬುರಗಿ-ಬೀದರಿಗೆ ಬಳಸಿದ ತ್ರಿಭುಜದ ವಿಧಾನವನ್ನೇ ಇಲ್ಲಿ ಬಳಸಬೇಕು, ಸ್ಥಾನಗಳನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ತೆಗೆದುಕೊಳ್ಳಬೇಕು, ಮತ್ತು ಅವಧಿಗೆ ವೇಳಾಪಟ್ಟಿಯನ್ನು ಬಿಟ್ಟು ಬೇರೆ ಯಾವುದನ್ನೂ ನೆಚ್ಚಬಾರದು.

ನಮ್ಮ ಕಡೆಯಿಂದ ಹೊರಡುವವರ ಲೆಕ್ಕ

ಅಂಡಮಾನಿಗೆ ಹೊರಡುವ ಕಲಬುರಗಿ ಅಥವಾ ಬೀದರಿನ ಕುಟುಂಬಕ್ಕೆ ಹೈದರಾಬಾದಿನಿಂದ ಹೋಗುವುದೋ ಬೆಂಗಳೂರಿನಿಂದ ಹೋಗುವುದೋ ಎಂಬ ಪ್ರಶ್ನೆ ಬರುತ್ತದೆ. ಮೇಲಿನ ಸೂತ್ರದಲ್ಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣದ 17.24 ಉತ್ತರ, 78.43 ಪೂರ್ವ ಎಂಬ ಅಂಕಿಗಳನ್ನು ಹಾಕಿದರೆ ಅಲ್ಲಿಂದ ಪೋರ್ಟ್ ಬ್ಲೇರ್‌ಗೆ 1,660 ಕಿ.ಮೀ. ಬರುತ್ತದೆ. ಬೆಂಗಳೂರಿನಿಂದ 1,640 ಕಿ.ಮೀ. ಎಂದು ಆಗಲೇ ಕಂಡಿದ್ದೇವೆ. ವ್ಯತ್ಯಾಸ 20 ಕಿ.ಮೀ., ಜೆಟ್ ವಿಮಾನಕ್ಕೆ ಅದು ಒಂದೂವರೆ ನಿಮಿಷ. ಆದ್ದರಿಂದ ಹಾರಾಟದ ಅವಧಿಯನ್ನು ಹೋಲಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಮನೆಯಿಂದ ನಿಲ್ದಾಣಕ್ಕೆ ಹೋಗುವ ಹಾದಿಯನ್ನು ಹೋಲಿಸಬೇಕು. ಶಂಷಾಬಾದ್ ಬೀದರಿನಿಂದ ನೇರ ಗೆರೆಯಲ್ಲಿ ಸುಮಾರು 125 ಕಿ.ಮೀ., ಕಲಬುರಗಿಯಿಂದ ಸುಮಾರು 156 ಕಿ.ಮೀ. ದೂರದಲ್ಲಿದೆ, ಬೆಂಗಳೂರಿನ ನಿಲ್ದಾಣ ಕಲಬುರಗಿಯಿಂದ ನೇರ ಗೆರೆಯಲ್ಲಿಯೇ ಸುಮಾರು 464 ಕಿ.ಮೀ. ಆಗುತ್ತದೆ. ಯಾದಗಿರಿಯವರಿಗೆ ಮೂರನೆಯ ದಾರಿಯೂ ಇದೆ, ಏಕೆಂದರೆ ಮುಂಬೈ-ಚೆನ್ನೈ ಮುಖ್ಯ ರೈಲುಮಾರ್ಗ ಅವರ ಊರಿನ ಮೂಲಕವೇ ಹೋಗುತ್ತದೆ, ಮತ್ತು ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ 1,373 ಕಿ.ಮೀ. ಮಾತ್ರ, ಎಂದರೆ ಸುಮಾರು 2 ಗಂಟೆ 13 ನಿಮಿಷ. ಲಕ್ಷದ್ವೀಪಕ್ಕೆ ಹೊರಟವರು ಮಾತ್ರ ಅಗತ್ತಿಗೆ ಎಟಿಆರ್ ಹೊರಡುವ ಊರನ್ನೇ ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಮನೆಯಿಂದ ಹೊರಡುವ ದಿನ ಮತ್ತು ವೇಳೆಯನ್ನು ನಿಶ್ಚಯಿಸಬೇಕು.